ಮೇ ತಿಂಗಳ ಗಾಳಿ

ರೆಕ್ಕೆ ಮೊದಲು ಬಂತು, ಅಭ್ಯರ್ಥಿ ಆಮೇಲೆ.

ಚಿತ್ರದುರ್ಗದಿಂದ ಹೊಸಪೇಟೆಗೆ ಓಡುವ ರಾಷ್ಟ್ರೀಯ ಹೆದ್ದಾರಿ 50ರ ಮಗ್ಗುಲಿಗೆ ಕೂತ ಊರು ಹೊಸಹಳ್ಳಿ. ನಮ್ಮ ನಾಡಿನಲ್ಲಿ ಹೊಸಹಳ್ಳಿಗಳಿಗೆ ಬರವಿಲ್ಲ. ಇದು ಕೂಡ್ಲಿಗಿ ತಾಲ್ಲೂಕಿನ ಹೋಬಳಿ ಊರು. ಕಾನಾಹೊಸಹಳ್ಳಿ ಅಂದರೆ ಕಂಡಕ್ಟರು ಮರುಮಾತಿಲ್ಲದೆ ಟಿಕೆಟ್ ಹರಿಯುತ್ತಾನೆ. 2023ರ ಮೇ ಮೊದಲ ವಾರ. ಬೆಳಗ್ಗೆ ಹತ್ತಕ್ಕೇ ಡಾಂಬರು ಮೆತ್ತಗಾಗಿತ್ತು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಗಿಸಿ ಚಹಾಕ್ಕೆ ಕಾಯುತ್ತಿದ್ದೆ. ಹೋಟೆಲಿನ ಫ್ಯಾನು ನಿಧಾನವಾಗಿ ನಿಂತಿತು.

"ಕರೆಂಟ್ ತೆಗೆದ್ರು. ಫ್ಯಾನ್ ಬರಾಕತ್ತೈತೆ," ಅಂದರು ಹೋಟೆಲಿನ ಅಕ್ಕ.

ಫ್ಯಾನು ಬರುವುದಕ್ಕೆ ಕರೆಂಟ್ ಯಾಕೆ ತೆಗೆಯಬೇಕು ಎಂಬುದು ಹೊರಗೆ ಹೋಗಿ ನೋಡಿದಾಗ ತಿಳಿಯಿತು. ಎಣಿಸಲು ಕೂತ ಹುಡುಗರಿಗೆ ಪ್ರತಿ ಸಲ ಬೇರೆ ಲೆಕ್ಕ ಸಿಗುವಷ್ಟು ಗಾಲಿಗಳ ಲಾರಿಯೊಂದು ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ತಿರುಗುತ್ತಿತ್ತು. ಮೂತಿ ತಿರುಗಿ ಎಷ್ಟೋ ಹೊತ್ತಾದರೂ ಬಾಲ ಇನ್ನೂ ಹೆದ್ದಾರಿಯಲ್ಲೇ ಇತ್ತು. ಅದರ ಬೆನ್ನ ಮೇಲೆ ಬೆಳ್ಳಗಿನ ಒಂದೇ ಒಂದು ರೆಕ್ಕೆ. ಗಾಳಿಯಂತ್ರದ ಇಂಥ ಮೂರು ರೆಕ್ಕೆ ಸೇರಿದರೆ ಒಂದು ಫ್ಯಾನು. ಇಲ್ಲಿ ಯಾರೂ ಪವನ ವಿದ್ಯುತ್ ಯಂತ್ರ ಎನ್ನುವುದಿಲ್ಲ. ಮನೆ ಸೂರಿಗೆ ನೇತಾಡುವುದೂ ಫ್ಯಾನು, ಗುಡ್ಡದ ಮೇಲೆ ನಿಂತದ್ದೂ ಫ್ಯಾನು. ಒಂದಕ್ಕೆ ಕರೆಂಟ್ ಬೇಕು, ಇನ್ನೊಂದು ಕರೆಂಟ್ ಕೊಡುತ್ತದೆ, ಅಷ್ಟೆ ಫರಕು. ಲಾರಿಯ ಮೇಲೆ ಹತ್ತಿದ ಇಬ್ಬರು ಬಿದಿರುಗಳದಿಂದ ತಂತಿ ಎತ್ತಿ ಹಿಡಿದಿದ್ದರು. ಅದಕ್ಕೇ ಕರೆಂಟ್ ತೆಗೆದದ್ದು. ಒಂದು ಬೇವಿನ ಮರದ ಕೊಂಬೆ ಹೋಯಿತು. ಗೊಬ್ಬರದಂಗಡಿಯ ಬೋರ್ಡನ್ನು ಮಾಲೀಕರೇ ಬಿಚ್ಚಿ ಒಳಗಿಟ್ಟುಕೊಂಡರು.

"ಇಮಾನದ ರೆಕ್ಕಿ!" ಎಂದು ಒಬ್ಬ ಹುಡುಗ ಕೂಗಿದ.

"ಇಮಾನ ಅಲ್ಲಲೇ, ಕೊಟ್ಟೂರು ತೇರು ತಿರುವಿನಾಗ ಸಿಕ್ಕಂಗ ಐತೆ," ಎಂದರು ಕಟ್ಟೆಯ ಮೇಲಿನ ತಾತ. ಹೋಲಿಕೆ ಚೆನ್ನಾಗಿತ್ತು. ತೇರಿಗೆ ಹಗ್ಗ ಹಿಡಿಯುವವರು, ಗಾಲಿಗೆ ಸನ್ನೆ ಹಾಕುವವರು, ಕೂಗುವವರು, ಸುಮ್ಮನೆ ನೋಡುವವರು ಇರುವಂತೆ ಇಲ್ಲೂ ಇದ್ದರು. ಬಾಳೆಹಣ್ಣು ಎಸೆಯುವವರು ಮಾತ್ರ ಇರಲಿಲ್ಲ.

ಈ ತೇರಿನ ಹಿಂದೆ ಸಿಕ್ಕಿಕೊಂಡದ್ದು ಅಭ್ಯರ್ಥಿಯ ಮೆರವಣಿಗೆ. ಯಾವ ಪಕ್ಷದ್ದು ಎಂಬುದು ಇಲ್ಲಿ ಬೇಡ. ಆ ವಾರ ಆ ರಸ್ತೆಯಲ್ಲಿ ಎಲ್ಲ ಪಕ್ಷದವರೂ ಓಡಾಡಿದರು. ಮುಂದೆ ಸಿನಿಮಾ ಹಾಡಿನ ಧಾಟಿಗೆ ಅಭ್ಯರ್ಥಿಯ ಹೆಸರು ಕೂಡಿಸಿ ಹಾಡುವ ಆಟೊ, ಹಿಂದೆ ತೆರೆದ ಜೀಪು, ಅದರ ಹಿಂದೆ ಬೈಕುಗಳು, ಎಲ್ಲಕ್ಕೂ ಹಿಂದೆ ಖರ್ಚಿನ ಲೆಕ್ಕಕ್ಕೆಂದು ವಿಡಿಯೊ ತೆಗೆಯುವ ಚುನಾವಣಾ ಆಯೋಗದವರ ಜೀಪು. ಕೊರಳ ತುಂಬ ಹಾರ ಹಾಕಿಕೊಂಡ ಅಭ್ಯರ್ಥಿ ಅಭ್ಯಾಸಬಲದಿಂದ ಎಡಕ್ಕೆ ಕೈಮುಗಿದರು, ಬಲಕ್ಕೆ ಕೈಮುಗಿದರು. ತಿರುವಿನಲ್ಲಿ ಬೆವರು ಸುರಿಸುತ್ತಿದ್ದ ಲಾರಿ ಚಾಲಕನಿಗೂ ಮುಗಿದರು. ಆತ ಹೊರರಾಜ್ಯದವನು, ಏನೆಂದು ತಿಳಿಯದೆ ತಾನೂ ತಿರುಗಿ ಕೈಮುಗಿದ. ಇಡೀ ದಿನದಲ್ಲಿ ಗಾಳಿಯಂತ್ರಕ್ಕೂ ರಾಜಕಾರಣಕ್ಕೂ ನಡೆದ ನೇರ ಸಂಭಾಷಣೆ ಇಷ್ಟೇ.

ಭಾಷಣ ಬಸ್ ನಿಲ್ದಾಣದ ಬಳಿ ಆಯಿತು. ಕೆರೆಯ ಮಾತು ಬಂತು. ತುಂಗಭದ್ರೆಯಿಂದ ನೀರೆತ್ತಿ ಕೂಡ್ಲಿಗಿಯ 74 ಕೆರೆ ತುಂಬಿಸುವ ಯೋಜನೆಯನ್ನು ಬಿಟ್ಟು ಈ ತಾಲ್ಲೂಕಿನಲ್ಲಿ ಯಾರೂ ಓಟು ಕೇಳಲಾರರು. ರಸ್ತೆ ಬಂತು, ಮನೆ ಬಂತು, ಪಿಂಚಣಿ ಬಂತು. ಕರೆಂಟಿನ ಮಾತೂ ಬಂತು: ಪಂಪ್‌ಸೆಟ್ಟಿಗೆ ಹಗಲು ಏಳು ತಾಸು ತ್ರೀ ಫೇಸ್. ಆ ಚುನಾವಣೆಯ ಗಾಳಿಯಲ್ಲಿ ಕರೆಂಟಿಗೆ ವಿಶೇಷ ಬೆಲೆ ಇತ್ತು. ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ ಎಂಬ ಗೃಹಜ್ಯೋತಿಯ ಭರವಸೆ ಮನೆಮನೆಯ ಮಾತಾಗಿತ್ತು. ರೈತರ ಪಂಪ್‌ಸೆಟ್ಟಿಗೆ ಬಿಟ್ಟಿ ಕರೆಂಟ್ ಎಂಬ ಮಾತಿಗೆ ಬಂಗಾರಪ್ಪನವರ ಕಾಲದಿಂದಲೂ ಈ ಸೀಮೆಯಲ್ಲಿ ಚಪ್ಪಾಳೆ ಬೀಳುತ್ತಲೇ ಬಂದಿದೆ.

ಕರೆಂಟ್ ಎಷ್ಟು ಕೊಡುತ್ತೇವೆ ಎಂದು ಎಲ್ಲರೂ ಹೇಳಿದರು, ಎಲ್ಲಿಂದ ಬರುತ್ತದೆ ಎಂದು ಯಾರೂ ಹೇಳಲಿಲ್ಲ. ಅಭ್ಯರ್ಥಿಯ ಬೆನ್ನ ಹಿಂದೆ, ದೂರದ ಗುಡ್ಡಸಾಲಿನಲ್ಲಿ, ಫ್ಯಾನುಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಗಾಳಿಯ ಬಗ್ಗೆ ಮಾತಾಡಿದ್ದು ಗಾಳಿಯೊಂದೇ. ಅದು ಮೈಕಿನೊಳಗೆ ಹೊಕ್ಕು ಭರ್ರೋ ಎನ್ನತೊಡಗಿ ಅರ್ಧ ಭಾಷಣವನ್ನು ನುಂಗಿತು. ಕಾರ್ಯಕರ್ತನೊಬ್ಬ ಓಡಿ ಬಂದು ಹೆಗಲ ಟವೆಲನ್ನು ಮೈಕಿಗೆ ಸುತ್ತಿದ ಮೇಲೆ ಭಾಷಣ ಮುಂದುವರಿಯಿತು.

ಮುಗಿದ ಮೇಲೆ ಕಟ್ಟೆಯ ತಾತ ಆ ಕಾರ್ಯಕರ್ತನನ್ನೇ ಹಿಡಿದರು. "ನಮ್ಮ ಹೊಲದಾಗೂ ಒಂದು ಫ್ಯಾನ್ ಹಾಕ್ಸಪ್ಪ."

"ಅದು ನಮ್ಮ ಕೈಯಾಗಿಲ್ಲ ತಾತ. ಕಂಪನಿಯವ್ರು ಹಾಕೋದು."

"ಕಂಪನಿಯವ್ರು ಓಟು ಕೇಳಾಕ ಯಾವಾಗ ಬರ್ತಾರ?"

ಟವೆಲು ಬಿಚ್ಚಿಕೊಳ್ಳುತ್ತಿದ್ದ ಹುಡುಗ ನಕ್ಕುಬಿಟ್ಟ. ತಾತ ನಗಲಿಲ್ಲ.

ಈ ಸೀಮೆಯ ಐದು ತಾಲ್ಲೂಕುಗಳು — ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — ಮಳೆಯ ಲೆಕ್ಕದಲ್ಲಿ ಬಡವರು, ಗಾಳಿಯ ಲೆಕ್ಕದಲ್ಲಿ ಸಾವುಕಾರರು. ಬೋಳುಗುಡ್ಡ, ಕುರುಚಲು ಕಾಡು, ಬಂಡೆ, ನಡುನಡುವೆ ಮೆಕ್ಕೆಜೋಳ ಶೇಂಗಾದ ಮಸಾರಿ ಹೊಲ. ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕೂಡ್ಲಿಗಿಯನ್ನೂ ಹರಪನಹಳ್ಳಿಯನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಹಾಕಿತು. ಗಾಳಿಯ ನಕ್ಷೆ ಬರೆದವರು ಇದೇ ಸೀಮೆಯನ್ನು ಒಳ್ಳೆಯ ಬಣ್ಣದಿಂದ ತುಂಬಿದರು. ಎರಡೂ ಸರ್ಕಾರದ ಕಾಗದಗಳೇ. ಒಂದನ್ನು ವೇದಿಕೆಯ ಮೇಲೆ ಓದುತ್ತಾರೆ, ಇನ್ನೊಂದನ್ನು ಬೆಂಗಳೂರಿನ ಹವಾನಿಯಂತ್ರಿತ ಸಭಾಂಗಣದಲ್ಲಿ.

ಅಲ್ಲಿ ಗಾಳಿಗೆ ಭಾಷಣಕಾರರು ಬೇಕಾದಷ್ಟಿದ್ದಾರೆ. 1996ರಲ್ಲೇ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ ಹುಟ್ಟಿತು. ಕ್ರೆಡಲ್ ಎಂದು ಕರೆಯುತ್ತಾರೆ. ರಾಜ್ಯದ 2022–27ರ ನವೀಕರಿಸಬಹುದಾದ ಇಂಧನ ನೀತಿ 10 ಸಾವಿರ ಮೆಗಾವಾಟ್ ಹೊಸ ಸಾಮರ್ಥ್ಯದ ಗುರಿ ಇಟ್ಟುಕೊಂಡಿತು. ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನಲ್ಲಿ ನೆಲದಿಂದ 120 ಮೀಟರ್ ಎತ್ತರದಲ್ಲಿ ಕರ್ನಾಟಕದ ಗಾಳಿ 1 ಲಕ್ಷ 24 ಸಾವಿರ ಮೆಗಾವಾಟ್, 150 ಮೀಟರಿಗೆ ಏರಿ ಅಳೆದರೆ 1 ಲಕ್ಷ 69 ಸಾವಿರ. ಮೇಲೇರಿದಷ್ಟೂ ಆಸ್ತಿ ಹೆಚ್ಚುವುದು ಗಾಳಿಗೂ ಉಂಟು. 2025ರ ಜೂನ್ 15, ವಿಶ್ವ ಪವನ ದಿನದಂದು, ಹಿಂದಿನ ಆರ್ಥಿಕ ವರ್ಷದಲ್ಲಿ 1,331 ಮೆಗಾವಾಟ್ ಹೊಸದಾಗಿ ಕೂಡಿಸಿ ಕರ್ನಾಟಕ ದೇಶಕ್ಕೇ ಮೊದಲಾಯಿತು ಎಂದು ಬೆಂಗಳೂರಿನ ಸಮಾರಂಭದಲ್ಲಿ ಗೌರವಿಸಲಾಯಿತು. ತಮಿಳುನಾಡು, ಗುಜರಾತ್‌ಗಳನ್ನು ಹಿಂದೆ ಹಾಕಿದ ಸಂಗತಿ ಅದು. ಕೇಂದ್ರದ ಮಂತ್ರಿ ಧಾರವಾಡದ ಪ್ರಲ್ಹಾದ ಜೋಶಿ ಬಿಜೆಪಿಯವರು, ರಾಜ್ಯದ ಇಂಧನ ಮಂತ್ರಿ ಕೆ.ಜೆ. ಜಾರ್ಜ್ ಕಾಂಗ್ರೆಸ್‌ನವರು. ಮಿಕ್ಕ ಎಲ್ಲ ವಿಷಯಕ್ಕೂ ಜಗಳವಾಡುವ ಎರಡು ಪಕ್ಷಗಳು ಗಾಳಿಯನ್ನು ಹೊಗಳುವಾಗ ಒಂದೇ ಧಾಟಿ. ಜಗಳವೇ ಇಲ್ಲದ ವಿಷಯಕ್ಕೆ ಓಟೂ ಇಲ್ಲ ಎಂಬುದನ್ನು ಇಬ್ಬರೂ ಬಲ್ಲರು.

ಹೊಸಹಳ್ಳಿಯ ಕಟ್ಟೆಯ ಮೇಲೆ ಮೆಗಾವಾಟ್ ಎಂಬ ಮಾತು ಕೇಳುವುದಿಲ್ಲ. ಅಲ್ಲಿ ಕೇಳುವ ಮಾತು ಪಹಣಿ.

ಫ್ಯಾನು ಊರಿಗೆ ಬರುವುದು ಲಾರಿಯಲ್ಲಲ್ಲ, ಬೈಕಿನಲ್ಲಿ. ಮೊದಲು ಒಬ್ಬ ಬರುತ್ತಾನೆ. ಅಕ್ಕಪಕ್ಕದ ಊರಿನವನೇ, ಗುರುತಿನವನೇ. ಚಹಾ ಕುಡಿಯುತ್ತಾ ಸರ್ವೆ ನಂಬರು ಕೇಳುತ್ತಾನೆ. ಗುಡ್ಡದ ನೆತ್ತಿಯ ಹೊಲ, ಕಲ್ಲು ತುಂಬಿದ್ದು, ಅಣ್ಣತಮ್ಮಂದಿರು ಪಾಲಿನಲ್ಲಿ ಒಬ್ಬರಿಗೊಬ್ಬರು ತಳ್ಳಿಕೊಂಡದ್ದು, ಅದಕ್ಕೇ ಬೆಲೆ ಬಂದಿರುತ್ತದೆ. ನೆತ್ತಿಯ ಹೊಲ ಸಿಕ್ಕವನು ಪುಣ್ಯವಂತ. ಕೆಳಗಿನ ಕಪ್ಪುನೆಲ ಜಗಳವಾಡಿ ಕಿತ್ತುಕೊಂಡವನು ಈಗ ಕೈ ಕೈ ಹಿಸುಕಿಕೊಳ್ಳುತ್ತಾನೆ. ಒಂದು ಯಂತ್ರಕ್ಕೆ ಬೇಕಾಗುವ ನೆಲ ಕೆಲವೇ ಎಕರೆ, ಹಣವೂ ಆ ಕೆಲವೇ ಎಕರೆಗೆ. ಪಕ್ಕದ ಹೊಲದವನಿಗೆ ಸಿಗುವುದು ಸದ್ದು ಮತ್ತು ನೆರಳು. ಬೆಳಗ್ಗೆ ಸಂಜೆ ಹೊತ್ತು ಕೆಳಗಿರುವಾಗ ಆ ನೆರಳು ಮೆಕ್ಕೆಜೋಳದ ಮೇಲೆ ಹಾದು ಹಾದು ಹೋಗುವುದನ್ನು ನೋಡಬೇಕು. ಆಕಾಶದಲ್ಲಿ ಯಾರೋ ಕುಡುಗೋಲು ಬೀಸಿದಂತೆ, ಒಂದು ದಂಟೂ ಬೀಳದಂತೆ.

ಪಹಣಿ ಇದ್ದವರ ಕಥೆ ಹೀಗಾದರೆ, ಇಲ್ಲದವರದು ಬೇರೆ. ಗುಡ್ಡದ ಅಂಚಿನಲ್ಲಿ ಅಪ್ಪನ ಕಾಲದಿಂದ ಬಿತ್ತಿಕೊಂಡು ಬಂದ ಸರ್ಕಾರಿ ನೆಲ, ಬಗರ್ ಹುಕುಂ. ಫಾರಂ 50 ಹಾಕಿದ್ದರು, 53 ಹಾಕಿದ್ದರು, ಕೊನೆಗೆ 57ನ್ನೂ ಹಾಕಿದ್ದರು. ಸಕ್ರಮವಾಗಿಲ್ಲ. ಬೈಕಿನವನು ಅವರ ಮನೆ ಮುಂದೆ ನಿಲ್ಲುವುದಿಲ್ಲ. ನೆಲದ ಮಾತು ನೇರ ಕಚೇರಿಯಲ್ಲಿ ಆಗುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆಯ ಬೇಲಿ ಇದೆ, ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಕಾಯ್ದೆ ಇರುವುದು ಕಾಪಾಡಲಿಕ್ಕೆ, ಅದು ಸರಿ. ಆದರೆ ಮಗಳ ಮದುವೆ ಎದುರಿಗೆ ನಿಂತ ಮನುಷ್ಯನಿಗೆ ಅದು ಅಡ್ಡಿಯಂತೆಯೂ ಕಾಣುತ್ತದೆ. ಇವೆಲ್ಲ ಅಭ್ಯರ್ಥಿಗಳಿಗೆ ಗೊತ್ತಿಲ್ಲವೆಂದಲ್ಲ. ಫ್ಯಾನಿನ ಮಾತೆತ್ತಿದರೆ ಪಹಣಿಯ ಮಾತು ಬರುತ್ತದೆ, ಪಹಣಿಯ ಮಾತು ಬಂದರೆ ಸಭೆಯಲ್ಲೇ ಎರಡು ಗುಂಪಾಗುತ್ತದೆ. ಕೆರೆಯ ಮಾತು ಎತ್ತಿದರೆ ಎಲ್ಲರೂ ಒಂದು.

ಇನ್ನೊಂದು ಮಾತು ಮೆಲ್ಲಗೆ ಬರುತ್ತದೆ. ಫ್ಯಾನು ಬಂದ ಮೇಲೆ ಮಳೆ ಹೋಯಿತು, ಮೋಡ ಇತ್ತ ಬಂದರೆ ಅವು ಬೀಸಿ ಓಡಿಸುತ್ತವೆ ಎಂದು. ಗದಗದ ಕಪ್ಪತಗುಡ್ಡದ ಸುತ್ತ, ಚಿತ್ರದುರ್ಗದ ಜೋಗಿಮಟ್ಟಿಯ ಕೆಳಗೆ, ಗಡಿಯಾಚೆ ಮಹಾರಾಷ್ಟ್ರದ ಬರದ ಊರುಗಳಲ್ಲಿ, ಎಲ್ಲ ಕಡೆ ಈ ಮಾತು ಕೇಳಿದ್ದೇನೆ. ಮಳೆಮೋಡ ಹಾಯುವ ಎತ್ತರದ ಮುಂದೆ ಯಂತ್ರದ ಎತ್ತರ ಏನೇನೂ ಅಲ್ಲ. ಬೀಸುವುದು ಗಾಳಿಯೇ ಹೊರತು ಫ್ಯಾನಲ್ಲ. ಹಾಗೆಂದು ತಾತನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಇರಬೌದಪ್ಪ. ಮತ್ತೆ ಮಳಿ ಯಾಕ ಬರವಲ್ದು?" ಎಂದರು. ಅದಕ್ಕೆ ಚಿಕ್ಕ ಉತ್ತರ ನನ್ನ ಬಳಿ ಇರಲಿಲ್ಲ.

ನಿಜ ಹೇಳಬೇಕೆಂದರೆ ಮೊದಮೊದಲ ಫ್ಯಾನುಗಳು ಗಾಳಿಗಾಗಿ ನಿಂತವೇ ಅಲ್ಲ, ತೆರಿಗೆಗಾಗಿ ನಿಂತವು. ಯಂತ್ರ ಕೊಂಡವರು ಅದರ ಬೆಲೆಯನ್ನು ಮೊದಲ ವರ್ಷವೇ ಸವಕಳಿಯೆಂದು ತೋರಿಸಿ ತೆರಿಗೆ ಉಳಿಸಬಹುದಿತ್ತು: ಒಂದು ಕಾಲಕ್ಕೆ ನೂರಕ್ಕೆ ನೂರು, ಆಮೇಲೆ 80. ಹಾಗಾಗಿ ಬಟ್ಟೆ ಗಿರಣಿಯವರು, ಇನ್ನೇನೋ ವ್ಯಾಪಾರದವರು, ಈ ಗುಡ್ಡ ಎಲ್ಲಿದೆಯೆಂದು ಕಣ್ಣಾರೆ ಕಾಣದವರು ಇಲ್ಲಿ ಒಂದೆರಡು ಫ್ಯಾನು ಇಟ್ಟುಕೊಂಡರು. 2012ರಲ್ಲಿ ಆ ಸವಲತ್ತು ನಿಂತಿತು, 2014ರಲ್ಲಿ ಮತ್ತೆ ಬಂತು, 2017ರಲ್ಲಿ 40ಕ್ಕೆ ಇಳಿಯಿತು. ಅದೇ 2017ರ ಫೆಬ್ರವರಿಯಲ್ಲಿ ದೇಶದ ಮೊದಲ ಹರಾಜಿನಲ್ಲಿ ಗಾಳಿ ಕರೆಂಟಿನ ದರ ಯೂನಿಟ್ಟಿಗೆ 3 ರೂಪಾಯಿ 46 ಪೈಸೆಗೆ ಬಂದು ನಿಂತಿತು. ಹಳೆಯ ಗಿಡ್ಡ ಯಂತ್ರಗಳು ಬಡವಾದವು. ಒಂದೊಂದೇ ಎರಡು, ಮೂರು ಮೆಗಾವಾಟ್ ಕೊಡುವ, ನೂರು ಮೀಟರಿಗೂ ಮಿಗಿಲಾದ ಕಂಬದ ಹೊಸ ರಾಕ್ಷಸರು ಬಂದರು. ಹೊಸಹಳ್ಳಿಯ ತಿರುವಿನಲ್ಲಿ ಸಿಕ್ಕಿಕೊಂಡದ್ದು ಅಂಥದರ ರೆಕ್ಕೆ.

ಅಮೆರಿಕದ ಅಯೋವಾ ಎಂಬ ಮೆಕ್ಕೆಜೋಳ ಬೆಳೆಯುವ ರಾಜ್ಯದ ಕಥೆ ನೆನಪಾಗುತ್ತದೆ. ನಮ್ಮ ಹರಪನಹಳ್ಳಿ ರಸ್ತೆಯಂತೆಯೇ ಅಲ್ಲೂ ಮೆಕ್ಕೆಜೋಳ, ಮೇಲೆ ಫ್ಯಾನು. ಅಲ್ಲಿನ ಕರೆಂಟಿನಲ್ಲಿ ಅರ್ಧಕ್ಕೂ ಹೆಚ್ಚು ಗಾಳಿಯದು. 2009ರ ಏಪ್ರಿಲ್ 22ರಂದು ಅಧ್ಯಕ್ಷ ಒಬಾಮ ಅಲ್ಲಿನ ನ್ಯೂಟನ್ ಎಂಬ ಊರಿಗೆ ಹೋಗಿ, ಫ್ಯಾನಿನ ಕಂಬ ಮಾಡುವ ಕಾರ್ಖಾನೆಯಲ್ಲಿ ಭಾಷಣ ಮಾಡಿದರು. ಅದೇ ರಾಜ್ಯದ ಎದುರು ಪಕ್ಷದ ಸೆನೆಟರ್ ಚಕ್ ಗ್ರಾಸ್ಲಿ 1992ರಲ್ಲಿ ಗಾಳಿ ಕರೆಂಟಿಗೆ ತೆರಿಗೆ ರಿಯಾಯಿತಿ ತಂದವರು, ತಮ್ಮ ಪಕ್ಷದವರೇ ಮುಟ್ಟಲು ಬಂದರೂ ಬಿಡದೆ ಕಾದವರು. ಅಲ್ಲಿ ಅಭ್ಯರ್ಥಿ ಫ್ಯಾನನ್ನು ಹಿಂದೆ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾನೆ. ಗುಟ್ಟೇನೂ ಇಲ್ಲ. ಹೊಲ ರೈತನ ಹೆಸರಿನಲ್ಲೇ ಉಳಿಯುತ್ತದೆ, ವರ್ಷವರ್ಷ ಗುತ್ತಿಗೆಯ ಚೆಕ್ಕು ಬರುತ್ತದೆ, ಫ್ಯಾನಿನ ಆಸ್ತಿ ತೆರಿಗೆ ಊರಿನ ಶಾಲೆಗೂ ರಸ್ತೆಗೂ ಸಲ್ಲುತ್ತದೆ. ಚೆಕ್ಕು ಬರುವ ಕಡೆಗೆ ಭಾಷಣವೂ ಬರುತ್ತದೆ.

ಅಷ್ಟು ದೂರ ಯಾಕೆ, ಪಾವಗಡವೇ ಇದೆ. ಅಲ್ಲಿ ಗಾಳಿಯಲ್ಲ, ಬಿಸಿಲು. ಸುಮಾರು 13 ಸಾವಿರ ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭಿಸಿ, 2,050 ಮೆಗಾವಾಟಿನ ಸೌರ ಪಾರ್ಕ್ ಮಾಡಿದರು. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅದರ ಮೊದಲ ಹಂತವನ್ನು ಉದ್ಘಾಟಿಸಿದರು. ಆಗಿನ ಇಂಧನ ಮಂತ್ರಿ ಡಿ.ಕೆ. ಶಿವಕುಮಾರ್ ಪಕ್ಕದಲ್ಲಿದ್ದರು. ಮತದಾನ ಮೇ 12ಕ್ಕೆ. ಅಲ್ಲೂ ನೆಲವಿಲ್ಲದ ಕೂಲಿಯವರಿಗೆ ಗುತ್ತಿಗೆಯೂ ಸಿಗಲಿಲ್ಲ, ಕಳೆ ಕೀಳುವ ಕೆಲಸವೂ ಹೋಯಿತು, ಅದು ಬೇರೆ ದುಃಖ. ಆದರೆ ಬಿಸಿಲನ್ನು ಚುನಾವಣೆಗೆ ಮುನ್ನ ಉದ್ಘಾಟಿಸಬಹುದು ಎಂದು ಗೊತ್ತಾಯಿತು. ಸಾವಿರಾರು ಎಕರೆ ಒಂದೇ ಕಡೆ ಹೊಳೆಯುವಾಗ ರಿಬ್ಬನ್ ಕಟ್ಟಲು ಜಾಗ ಇರುತ್ತದೆ. ಗುಡ್ಡಕ್ಕೊಂದು, ಹೊಲಕ್ಕೊಂದು ಚದುರಿ ನಿಂತ ಫ್ಯಾನುಗಳಿಗೆ ರಿಬ್ಬನ್ ಎಲ್ಲಿ ಕಟ್ಟುವುದು?

ತಮಾಷೆಯೆಂದರೆ ಗಾಳಿಗೂ ಚುನಾವಣೆಗೂ ಇಲ್ಲಿ ಒಂದೇ ಪಂಚಾಂಗ. ಈ ಸೀಮೆಯಲ್ಲಿ ಗಾಳಿ ಮೈಕೊಡವಿ ಏಳುವುದು ಮೇ ತಿಂಗಳಲ್ಲಿ. ಜೂನ್, ಜುಲೈ, ಆಗಸ್ಟಿನವರೆಗೆ ಮುಂಗಾರಿನ ಜೊತೆ ಹುಚ್ಚೆದ್ದು ಬೀಸುತ್ತದೆ. ಫ್ಯಾನು ವರ್ಷವಿಡೀ ಕೊಡುವ ಕರೆಂಟಿನ ಬಹುಪಾಲು ಆ ನಾಲ್ಕೈದು ತಿಂಗಳದ್ದೇ. ವಿಧಾನಸಭೆಗೆ 2018ರಲ್ಲಿ ಮೇ 12, 2023ರಲ್ಲಿ ಮೇ 10. ಲೋಕಸಭೆಗೆ 2024ರಲ್ಲಿ, ಈ ಸೀಮೆ ಸೇರುವ ಬಳ್ಳಾರಿ, ದಾವಣಗೆರೆ ಎರಡಕ್ಕೂ ಮೇ 7. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹುಟ್ಟಿದ್ದು ಇಂಥ ಕಣಗಳಲ್ಲೇ. ಜೋಳದ ರಾಶಿ ಮುಂದೆ ಮೊರ ಹಿಡಿದು ನಿಂತವನಿಗೆ ಅರ್ಧ ಗಾಳಿ ಬಂದರೆ ಅರ್ಧ ಕೆಲಸ ಆಗುವುದಿಲ್ಲ, ಏನೂ ಆಗುವುದಿಲ್ಲ. ಎಂಜಿನಿಯರುಗಳೂ ಅದನ್ನೇ ಬೇರೆ ಮಾತಲ್ಲಿ ಹೇಳುತ್ತಾರೆ: ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಎಂಟುಮಡಿ, ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಪಾಲು. ಸೆಕೆಂಡಿಗೆ ಸುಮಾರು ಮೂರು ಮೀಟರ್ ದಾಟದಿದ್ದರೆ ಫ್ಯಾನು ಕರೆಂಟ್ ಕೊಡುವುದೇ ಇಲ್ಲ. ಮೊದಲ ಬಾರಿ ಸ್ಪರ್ಧಿಸಿ ಠೇವಣಿ ಕಳೆದುಕೊಂಡವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

2023ರ ಮೇ 13ರ ಫಲಿತಾಂಶ ನೋಡಿದರೆ ಗಾಳಿ ಯಾವ ದಿಕ್ಕಿನದೆಂದು ಹವಾಮಾನದವರಿಗೂ ಹೇಳಲಾಗುತ್ತಿರಲಿಲ್ಲ. ಕೊಟ್ಟೂರು ಪಟ್ಟಣ ಓಟಿಗೆ ಹಗರಿಬೊಮ್ಮನಹಳ್ಳಿಗೆ ಸೇರುವುದರಿಂದ ಐದು ತಾಲ್ಲೂಕಿಗೆ ನಾಲ್ಕು ಕ್ಷೇತ್ರ. ಕೂಡ್ಲಿಗಿಯಲ್ಲಿ ಕಾಂಗ್ರೆಸ್‌ನ ಡಾ. ಎನ್.ಟಿ. ಶ್ರೀನಿವಾಸ್, ಹಡಗಲಿಯಲ್ಲಿ ಬಿಜೆಪಿಯ ಕೃಷ್ಣ ನಾಯ್ಕ, ಹಗರಿಬೊಮ್ಮನಹಳ್ಳಿಯಲ್ಲಿ ಜೆಡಿಎಸ್‌ನ ನೇಮರಾಜ ನಾಯ್ಕ, ಹರಪನಹಳ್ಳಿಯಲ್ಲಿ ಪಕ್ಷೇತರರಾಗಿ ಲತಾ ಮಲ್ಲಿಕಾರ್ಜುನ. ನಾಲ್ಕು ಕ್ಷೇತ್ರಕ್ಕೆ ನಾಲ್ಕು ಬಗೆ. ಬೀಚಿ ಹುಟ್ಟಿದ ಹರಪನಹಳ್ಳಿ ಸೀಮೆಗೆ ಇಂಥ ಹಾಸ್ಯ ಹೊಸದಲ್ಲ. ಮುಂದೇನಾಗುವುದೆಂದು ತಿಳಿಯಬೇಕಾದವರು ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೇ ಹೋಗಬೇಕು. ಅಲ್ಲಿ ಗೊರವಯ್ಯ ಎತ್ತರದ ಬಿಲ್ಲು ಏರಿ, ಸದ್ದು ಅಡಗಿಸಿ, ಒಂದೇ ಸಾಲಿನ ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಲಕ್ಷ ಜನ ಉಸಿರು ಬಿಗಿಹಿಡಿದಿರುತ್ತಾರೆ. ಆ ಸಾಲನ್ನು ರೈತ ಮಳೆಗೆ ಹಚ್ಚುತ್ತಾನೆ, ವ್ಯಾಪಾರಿ ಧಾರಣೆಗೆ, ರಾಜಕಾರಣಿ ಕುರ್ಚಿಗೆ. ಎತ್ತರಕ್ಕೇರಿ ಹೇಳಿದ ಮಾತಿಗೆ ಈ ಸೀಮೆಯಲ್ಲಿ ಬೆಲೆ ಹೆಚ್ಚು.

ಆ ದಿನ ಸಂಜೆಯವರೆಗೂ ಹೊಸಹಳ್ಳಿಯಲ್ಲೇ ಇದ್ದೆ. ತಿರುವು ಮುಗಿಸಿದ ರೆಕ್ಕೆ ಧೂಳೆಬ್ಬಿಸಿಕೊಂಡು ಗುಡ್ಡದ ಕಡೆ ಹೋಗಿತ್ತು. ಕರೆಂಟ್ ಬಂತು, ಆಟೊದ ಹಾಡು ದೂರವಾಯಿತು, ಗೊಬ್ಬರದಂಗಡಿಯವರು ಬೋರ್ಡು ಮತ್ತೆ ಕಟ್ಟಿದರು. ಹೊತ್ತು ಮುಳುಗಿದ ಮೇಲೆ ಮತ್ತೊಮ್ಮೆ ಕರೆಂಟ್ ಹೋಯಿತು. ಈ ಸಲ ಯಾವ ರೆಕ್ಕೆಯೂ ಬರುತ್ತಿರಲಿಲ್ಲ. ಗುಡ್ಡದ ಮೇಲೆ ಮಾತ್ರ ವಿಮಾನಗಳಿಗೆಂದು ಇಟ್ಟ ಕೆಂಪು ದೀಪಗಳು ಕಣ್ಣು ಮಿಟುಕಿಸುತ್ತಿದ್ದವು.

"ನೋಡ್ರಿ, ಅಲ್ಲಿ ಐತೆ, ಇಲ್ಲಿಲ್ಲ," ಎಂದರು ಅಕ್ಕ, ಮೇಣದ ಬತ್ತಿ ಹಚ್ಚುತ್ತಾ.

ಫ್ಯಾನಿನ ಕರೆಂಟ್ ಕಂಬದ ಬುಡದಿಂದ 33 ಕಿಲೊವೋಲ್ಟ್ ತಂತಿ ಹಿಡಿದು ಉಪಕೇಂದ್ರಕ್ಕೆ ಹೋಗಿ, ಅಲ್ಲಿಂದ ದೊಡ್ಡ ಗೋಪುರಗಳ ಮೇಲೇರಿ ನಾಡಿನ ಜಾಲಕ್ಕೆ ಸೇರುತ್ತದೆ. ಹೊಸಹಳ್ಳಿಯ ಮನೆಗೆ ಬರುವುದು ಜೆಸ್ಕಾಂನ 11 ಕಿಲೊವೋಲ್ಟ್ ಫೀಡರಿನಿಂದ, ಬೇರೆಯೇ ದಾರಿ. ಇವೆರಡೂ ಈ ಊರಿನಲ್ಲಿ ಒಂದನ್ನೊಂದು ಮುಟ್ಟುವುದೇ ಇಲ್ಲ. ಇದನ್ನೆಲ್ಲ ಅಕ್ಕನಿಗೆ ವಿವರಿಸಲು ಬಾಯಿ ತೆರೆದೆ. ಮಧ್ಯಾಹ್ನ ತಾತನ ಮುಂದೆ ಮೋಡದ ವಿಷಯ ವಿವರಿಸಿದ್ದು ನೆನಪಾಗಿ ಸುಮ್ಮನಾದೆ.

ಮತದಾನದ ಮರುದಿನ ರಾತ್ರಿ ಅದೇ ಜಾಗ ಹಾದು ಬಂದೆ. ಗುಳೆ ಹೋದವರನ್ನು ಓಟಿಗೆಂದು ಕರೆತಂದ ಗಾಡಿಗಳು ಈಗ ತಿರುಗಿ ಹೊರಟಿದ್ದವು: ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ತಾಂಡಾದ ಹೆಣ್ಣುಮಕ್ಕಳು ಗಂಟುಮೂಟೆ, ರೊಟ್ಟಿ ಬುತ್ತಿ, ಕೋಳಿಯೊಂದನ್ನು ಸೀಟಿನ ಕೆಳಗೆ ತುರುಕುತ್ತಿದ್ದರು. ಬೆರಳಿಗೆ ಇನ್ನೂ ಮಾಸದ ಶಾಯಿ. ಗಾಳಿ ಜೋರಾಗಿತ್ತು; ಟಾರ್ಪಾಲು ಪಟಪಟ ಬಡಿಯುತ್ತಿತ್ತು. ಕಿಟಕಿಗೆ ಮುಖ ಒತ್ತಿದ ಪುಟ್ಟ ಹುಡುಗಿ ಗುಡ್ಡದ ಕೆಂಪು ದೀಪ ಎಣಿಸುತ್ತಿದ್ದಳು. ಹದಿನೇಳು ಎಂದಳು. ಅವ್ವ ಇಲ್ಲ, ಹದಿನೆಂಟು ಎಂದಳು. ಅಷ್ಟರಲ್ಲಿ ಗಾಡಿ ಹೊರಟಿತು, ಮಗು ಮತ್ತೆ ಒಂದರಿಂದ ಶುರು ಮಾಡಿತು.